ತಂಪಾನೂರಿನಲ್ಲಿ ಇಳಿದವರು

ಸಂಜೆ ಮಂಗಳೂರು ಬಿಟ್ಟ ಮಾವೇಲಿ ಎಕ್ಸ್‌ಪ್ರೆಸ್ ಬೆಳಿಗ್ಗೆ ತಿರುವನಂತಪುರದ ತಂಪಾನೂರಿನಲ್ಲಿ ಖಾಲಿಯಾಗುತ್ತದೆ. ಆರ್‌ಸಿಸಿ ಎಂಬ ಕ್ಯಾನ್ಸರ್ ಆಸ್ಪತ್ರೆಯ ಫೈಲು ಹಿಡಿದು ಇಳಿಯುವವರಲ್ಲಿ ಕಾಸರಗೋಡಿನ ಕನ್ನಡಿಗರೂ ಇರುತ್ತಾರೆ. ಇಸ್ಲಾಮಿನ ಕಡ್ಡಾಯ ದಾನವಾದ ಜಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಹೇಳುವ ಎಂಟು ಬಗೆಯವರಲ್ಲಿ ಕೊನೆಯವನು ದಾರಿಹೋಕ. ಊರಲ್ಲಿ ಮನೆ, ತೋಟ ಇದ್ದವನೂ ದಾರಿಯಲ್ಲಿ ಬಡವನಾದಾನು ಎಂಬುದು ಆ ಪಟ್ಟಿಗೆ ಗೊತ್ತಿತ್ತು. ನಮ್ಮ ರೇಷನ್ ಕಾರ್ಡಿಗೆ ಇನ್ನೂ ಗೊತ್ತಾಗಿಲ್ಲ.

*

ಜಕಾತ್ ವಸೂಲು ಮಾಡಿ ಹಂಚುವವನಿಗೂ ಅದೇ ಪಟ್ಟಿಯಲ್ಲಿ ಪಾಲುಂಟು. ಸೇವೆ ಮಾಡುವವನಿಗೆ ಹಸಿವಾಗಬಾರದು ಎನ್ನುವವರು ಇದನ್ನು ಓದಬೇಕು.

*

ಜಕಾತ್ ಎಂದರೆ ಉಳಿತಾಯದ ನಲವತ್ತರಲ್ಲೊಂದು ಪಾಲು, ಕೊಡಲೇಬೇಕಾದ ಬಾಕಿ. ಬಾಕಿ ತೀರಿಸಿದವನು ಫೋಟೊಕ್ಕೆ ನಿಲ್ಲುವುದೇಕೆ?

*

ಜಕಾತ್ ಮುಸ್ಲಿಮರಿಗೇ ಸಲ್ಲಬೇಕೆಂದು ಹಳೆಯ ಧರ್ಮಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಹೇಳಿದ್ದಾರೆ. ಸ್ವಇಚ್ಛೆಯ ದಾನವಾದ ಸದಕಕ್ಕೆ ಆ ಬೇಲಿಯಿಲ್ಲ. ಕೇರಳದಲ್ಲಿ ಇನ್ನೊಂದು ತಕರಾರೂ ಇದೆ. ಜಮಾಅತೆ ಇಸ್ಲಾಮಿಯಂಥ ಸಂಘಟನೆಯವರು ಸಮಿತಿ ಕಟ್ಟಿ ಜಕಾತ್ ಒಟ್ಟುಮಾಡುತ್ತಾರೆ. ಸಮಸ್ತ ಎಂಬ ಸಂಘಟನೆಯ ಉಲಮಾಗಳು ಅದನ್ನು ಒಪ್ಪುವುದಿಲ್ಲ, ಕೊಡುವವನೇ ಕೈಯಾರೆ ಕೊಡಲಿ ಎನ್ನುತ್ತಾರೆ. ಕೈಯಾರೆ ಕೊಟ್ಟರೆ ಪಡೆಯುವವನ ಮುಖ ಕಾಣುತ್ತದೆ, ನಿಜ. ಆದರೆ ಕೀಮೋದ ಬಿಲ್ಲು ಒಬ್ಬನ ಕೈಗೆ ಎಟುಕುವಂಥದ್ದಲ್ಲ. ಈ ಜಗಳದಲ್ಲಿ ನಾನು ಸಮಿತಿಯ ಕಡೆ.

*

ಆರ್‌ಸಿಸಿಯ ಹತ್ತಿರ ರೋಗಿಗಳಿಗೆ, ಅವರ ಜೊತೆ ಬಂದವರಿಗೆ ಊಟ, ವಸತಿ ಕೊಡುವ ಸಿ.ಎಚ್. ಸೆಂಟರ್ ಇದೆ. 1979ರಲ್ಲಿ ಮುಖ್ಯಮಂತ್ರಿಯಾಗಿದ್ದ ಮುಸ್ಲಿಂ ಲೀಗಿನ ಸಿ.ಎಚ್. ಮುಹಮ್ಮದ್ ಕೋಯ ಅವರ ಹೆಸರು ಅದಕ್ಕೆ. ಪಕ್ಷ, ಧರ್ಮ, ಅನ್ನ ಮೂರೂ ಒಂದೇ ಬೋರ್ಡಿನಡಿ. ಮೂಗು ಮುರಿಯುವವರು ಮುರಿಯಲಿ, ಮೊದಲು ಅಲ್ಲಿಯಂತೆ ಒಂದು ಹೊತ್ತಿನ ಊಟ ಹಾಕಿ ನೋಡಲಿ.

*

2019ರ ಆಗಸ್ಟ್. ಮಲಪ್ಪುರಂನ ಕವಳಪ್ಪಾರದಲ್ಲಿ ಗುಡ್ಡ ಜರಿದು 59 ಮಂದಿ ಸತ್ತರು. ಆಸ್ಪತ್ರೆ ದೂರ. ಪೋತುಕಲ್ಲಿನ ಮಸೀದಿ ಮರಣೋತ್ತರ ಪರೀಕ್ಷೆಗೆ ನಮಾಜಿನ ಜಾಗವನ್ನೇ ಬಿಟ್ಟುಕೊಟ್ಟಿತು. ಕಾಲು ತೊಳೆಯದೆ ಯಾರೂ ಹತ್ತದ ಜಗಲಿ ಅದು; ಅಲ್ಲಿಗೆ ಕೆಸರಿನ ಹೆಣಗಳು ಬಂದವು, ಜಾತಿ ಮತ ಕೇಳದೆ. ಹಣ ಕೊಡುವ ಧರ್ಮಕ್ಕಿಂತ ಮಡಿ ಬಿಟ್ಟುಕೊಡುವ ಧರ್ಮ ಕಷ್ಟದ್ದು ಎಂದು ನನಗನ್ನಿಸಿದ್ದು ಆಗ. ಮಡಿ ಏನೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

*

ಅದೇ ವಾರ ಕೊಚ್ಚಿಯ ಬ್ರಾಡ್‌ವೇಯಲ್ಲಿ ಬೀದಿಬದಿಯ ಬಟ್ಟೆ ವ್ಯಾಪಾರಿಯೊಬ್ಬರು ಬಕ್ರೀದಿನ ವ್ಯಾಪಾರಕ್ಕೆ ತಂದಿದ್ದ ಹೊಸ ಬಟ್ಟೆಗಳನ್ನು ಮೂಟೆ ಕಟ್ಟಿ ನೆರೆ ಸಂತ್ರಸ್ತರಿಗೆ ಕೊಟ್ಟರು. ತನ್ನ ಹಬ್ಬ ಹೀಗೆಯೇ ಎಂದರು. ನಾವು ಅದನ್ನು ಮಾನವೀಯತೆ ಎಂದು ಕೊಂಡಾಡಿದೆವು. ಅವರೇ ಹಬ್ಬ ಎಂದಿದ್ದನ್ನು ಹಬ್ಬ ಎನ್ನಲು ನಮಗೇಕೆ ಅಷ್ಟು ಸಂಕೋಚ?