ಅಟ್ಲಾಂಟಿಸಿನ ನೌಕಾಪಡೆ ಮಾಡಿದ ತಪ್ಪೇನು?

ಅಟ್ಲಾಂಟಿಸ್ ಎಂದರೆ ಎಲ್ಲರಿಗೂ ನೆನಪಾಗುವುದು ಕಡಲಲ್ಲಿ ಮುಳುಗಿದ ನಗರ. ಅದು ಎಲ್ಲಿತ್ತು, ಯಾವಾಗ ಮುಳುಗಿತು ಎಂದು ಹುಡುಕುವವರ ಗದ್ದಲದಲ್ಲಿ ಪ್ಲೇಟೋ ಕೊಟ್ಟ ಒಂದು ಲೆಕ್ಕ ಮರೆಗೆ ಸರಿದಿದೆ. ಅವನು ಮುಪ್ಪಿನಲ್ಲಿ ಬರೆದು ಅರ್ಧಕ್ಕೇ ಬಿಟ್ಟ ‘ಕ್ರಿಟಿಯಾಸ್’ ಸಂವಾದದ ಪ್ರಕಾರ ಆ ಸಾಮ್ರಾಜ್ಯದ ಬಯಲುಸೀಮೆಯಲ್ಲಿ 60,000 ಹಿಡುವಳಿಗಳು. ಒಂದೊಂದು ಹಿಡುವಳಿಯೂ ಯುದ್ಧಕಾಲಕ್ಕೆ ನಾಲ್ವರು ನಾವಿಕರನ್ನು ಒದಗಿಸಬೇಕು. ಒಟ್ಟು ಹಡಗುಗಳು 1,200. ಗುಣಿಸಿ ಭಾಗಿಸಿ ನೋಡಿದರೆ ಹಡಗಿಗೆ ಸರಿಯಾಗಿ 200 ಜನ. ಅಥೆನ್ಸಿನ ಯುದ್ಧನೌಕೆ ಟ್ರೈರೀಮಿನಲ್ಲಿ ಇರುತ್ತಿದ್ದವರೂ ಅಷ್ಟೇ: 170 ಮಂದಿ ಹುಟ್ಟು ಹಾಕುವವರು, ಉಳಿದವರು ಚುಕ್ಕಾಣಿ, ಹಾಯಿ, ಬಿಲ್ಲು, ಈಟಿ ಹಿಡಿದವರು. ಇನ್ನು 1,200 ಎಂಬುದು, ಗ್ರೀಸಿನ ಮೇಲೆ ದಂಡೆತ್ತಿ ಬಂದ ಪರ್ಷಿಯಾದ ದೊರೆ ಕ್ಸರ್ಕ್ಸಿಸನದೆಂದು ಹೆರೊಡೋಟಸ್ ಬರೆದ 1,207 ಹಡಗುಗಳಿಗೆ ಹತ್ತಿರದ ಸಂಖ್ಯೆ. ಹಡಗುಗಳ ಎಣಿಕೆ ಹಗೆಯದು, ಹಡಗಿನೊಳಗಿನ ಏರ್ಪಾಡು ತನ್ನೂರಿನದು. ಕಾಕತಾಳೀಯ ಎನ್ನುವವರು ಎನ್ನಲಿ. ಲೆಕ್ಕದಲ್ಲಿ ಇಷ್ಟು ಆಸಕ್ತಿಯಿದ್ದ ಬರಹಗಾರನ ವಿಷಯದಲ್ಲಿ ನನಗೆ ಹಾಗನ್ನಿಸುವುದಿಲ್ಲ. ಈ ಕಲ್ಪಿತ ನೌಕಾಪಡೆಯನ್ನು ಸಮುದ್ರತಳದಲ್ಲಿ ಹುಡುಕುವುದಕ್ಕಿಂತ ಅದರ ಮೂಲಕ ಅವನು ಎತ್ತಿದ ಧರ್ಮದ ಪ್ರಶ್ನೆಯನ್ನು ಹುಡುಕುವುದು ಮೇಲು. ಬಲ ಬೆಳೆದಂತೆ ಶೀಲ ಕೆಡಲೇಬೇಕೆ? ಕೆಟ್ಟರೆ, ಕೆಡುಕು ಒಳಹೊಕ್ಕದ್ದು ಯಾವ ಹಂತದಲ್ಲಿ?

ಪ್ಲೇಟೋಗೆ ಇದು ತಣ್ಣಗೆ ಕೂತು ಹೊಸೆದ ಪ್ರಶ್ನೆಯಾಗಿರಲಿಲ್ಲ. ಕ್ರಿ.ಪೂ. 483ರ ಸುಮಾರಿಗೆ ಲೌರಿಯನ್ ಗಣಿಗಳಲ್ಲಿ ಬೆಳ್ಳಿ ಹೇರಳವಾಗಿ ಸಿಕ್ಕಾಗ, ಅದನ್ನು ಜನಕ್ಕೆ ಹಂಚುವ ಬದಲು ಹಡಗು ಕಟ್ಟೋಣ ಎಂದು ಥೆಮಿಸ್ಟೋಕ್ಲಿಸ್ ಅಥೆನ್ಸನ್ನು ಒಪ್ಪಿಸಿದ. ಮೂರು ವರ್ಷದಲ್ಲಿ, ಕ್ಸರ್ಕ್ಸಿಸನೆದುರು ಸಲಮಿಸಿನ ಕಡಲಕಾಳಗದಲ್ಲಿ ಆ ಹಡಗುಗಳೇ ಗ್ರೀಸನ್ನು ಉಳಿಸಿದವು. ಆಮೇಲೆ ಅದೇ ಹಡಗುಗಳು ಮಿತ್ರನಗರಗಳಿಂದ ಕಪ್ಪ ವಸೂಲು ಮಾಡತೊಡಗಿದವು. 415ರಲ್ಲಿ ಸಿಸಿಲಿಯ ಮೇಲೆ ಏರಿಹೋಗಿ, 413ರಲ್ಲಿ ಅಲ್ಲೇ ನಾಶವಾದವು. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಶರಣಾದಾಗ ಅದರ ಕೈಯಲ್ಲಿ ಉಳಿದದ್ದು ಹನ್ನೆರಡೇ ಹಡಗು. ಆಗ ಪ್ಲೇಟೋ ಇಪ್ಪತ್ತು ದಾಟಿದ ಯುವಕ. ನ್ಯಾಯವನ್ನೂ ಸಂಯಮವನ್ನೂ ಕಲಿಸದೆ ಬಂದರು, ಹಡಗುಕಟ್ಟೆ, ಕೋಟೆಗೋಡೆ, ಕಪ್ಪಗಳಿಂದ ಊರನ್ನು ಉಬ್ಬಿಸಿಬಿಟ್ಟರು ಎಂದು ಅವನು ‘ಗೋರ್ಗಿಯಾಸ್’ನಲ್ಲಿ ಸಾಕ್ರಟೀಸನ ಬಾಯಲ್ಲಿ ಹಳೆಯ ಮುಖಂಡರನ್ನು ಜರೆಯಿಸುತ್ತಾನೆ. ಅಟ್ಲಾಂಟಿಸ್ ಕಥೆಯನ್ನು ಕೇಳುತ್ತ ಕೂತವರಲ್ಲಿ ಹರ್ಮೋಕ್ರಟಿಸ್ ಎಂಬವನೊಬ್ಬನಿದ್ದಾನೆ. ಅಥೆನ್ಸಿನ ದಂಡಿಗೆ ಎದುರು ನಿಂತ ಸಿಸಿಲಿಯ ಸಿರಾಕ್ಯೂಸಿನ ನಾಯಕನೇ ಇವನು ಎಂಬುದು ಬಹುತೇಕ ವಿದ್ವಾಂಸರ ಮತ. ಕಡಲಾಚೆಯಿಂದ ಬಂದ ದುರಹಂಕಾರಿ ಪಡೆಯೊಂದು ಸೋತ ಕಥೆಯನ್ನು ಅಂಥವನ ಮುಂದೆ ಹೇಳಿಸುವುದರ ವ್ಯಂಗ್ಯವನ್ನು ಅಂದಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲಿಗೇ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದದ್ದೇ. ಪ್ಲೇಟೋ ಸಿರಿವಂತರ ಮನೆಯವನು. ಭೂಸೇನೆಯಲ್ಲಿ ಕವಚ ಕೊಳ್ಳುವ ತಾಕತ್ತಿದ್ದವರಿಗೆ ಜಾಗ. ಹಡಗಿನಲ್ಲಿ ಹುಟ್ಟು ಹಾಕುವುದಕ್ಕೆ ತೋಳಿದ್ದರೆ ಸಾಕು. ಬಡವರ ತೋಳಿನಿಂದ ಊರಿಗೆ ಬಲ ಬಂದದ್ದರಿಂದಲೇ ಊರಿನ ಅಧಿಕಾರದಲ್ಲಿ ಬಡವರಿಗೂ ಪಾಲು ಸಿಕ್ಕಿತು. ಅಥೆನ್ಸಿನ ಪ್ರಜಾಪ್ರಭುತ್ವವನ್ನು ಹಳಿಯುತ್ತಲೇ ಇದನ್ನು ಒಪ್ಪಿಕೊಳ್ಳುವ ಕಿರುಹೊತ್ತಗೆಯೊಂದು ಕ್ಸೆನೊಫೋನನ ಹೆಸರಿನಲ್ಲಿ ಉಳಿದಿದೆ. ಹಾಗಾದರೆ ಪ್ಲೇಟೋನ ಕಡಲದ್ವೇಷ ಜನದ್ವೇಷದ ಮುಸುಕಲ್ಲವೆ? ಅವನ ‘ಲಾಸ್’ ಗ್ರಂಥದ ನಾಲ್ಕನೆಯ ಭಾಗವನ್ನು ಓದಿದರೆ ಇಲ್ಲ ಎನ್ನುವುದು ಕಷ್ಟ. ಹಾರಿ ಇಳಿದು ಹೊಡೆದು ಮತ್ತೆ ಹಡಗಿಗೆ ಓಡಿಬರುವ ಯುದ್ಧ ಮನುಷ್ಯನಿಗೆ ಹೇಡಿತನದ ರೂಢಿ ಹಿಡಿಸುತ್ತದೆ, ಗ್ರೀಸನ್ನು ಉಳಿಸಿದ್ದು ಸಲಮಿಸ್ ಅಲ್ಲ, ಮ್ಯಾರಥಾನ್ ಮತ್ತು ಪ್ಲಟೇಯಾದ ನೆಲದ ಕಾಳಗಗಳು ಎನ್ನುತ್ತಾನೆ. ಇದು ಹಟದ ಮಾತು. ಮುಕ್ಕಾಲು ಪಾಲು ವರ್ಗದ ಅಸಹನೆ, ಕಾಲು ಪಾಲು ವಿಚಾರ.

ಆದರೆ ಅಟ್ಲಾಂಟಿಸ್ ಈ ಆಕ್ಷೇಪಕ್ಕೆ ಸಿಕ್ಕುವುದಿಲ್ಲ. ಅಲ್ಲಿ ಪ್ರಜಾಪ್ರಭುತ್ವವೇ ಇಲ್ಲ. ಪೊಸೈಡನ್ ದೇವತೆಯ ವಂಶದ ಹತ್ತು ಅರಸರು. ಬಲಿಪೀಠದ ಮುಂದೆ ಆಣೆಯಿಟ್ಟು ನ್ಯಾಯ ಹೇಳುವವರು. ಹುಟ್ಟು ಹಾಕುವವರಿಗೆ ಸಭೆಯೂ ಇಲ್ಲ, ಮತವೂ ಇಲ್ಲ. ಕೊರತೆ ಕೂಡ ಇಲ್ಲ. ನಿಜವಾದ ಅಥೆನ್ಸಿಗೆ ಒಂದು ಸಬೂಬು ಇತ್ತು: ಅದರ ಒಣನೆಲ ಊರಿಗೆ ಸಾಲುವಷ್ಟು ಧಾನ್ಯ ಬೆಳೆಯದು, ಕಪ್ಪುಸಮುದ್ರದ ಕಡೆಯಿಂದ ಗೋಧಿ ಬಾರದಿದ್ದರೆ ಉಪವಾಸ, ಆ ದಾರಿ ಕಾಯಲು ಹಡಗು ಬೇಕೇಬೇಕು. ಅಟ್ಲಾಂಟಿಸಿನಲ್ಲಿ ವರ್ಷಕ್ಕೆ ಎರಡು ಬೆಳೆ, ಕಾಡು, ಲೋಹ, ಆನೆಗಳಿಗೂ ಸಾಲುವಷ್ಟು ಮೇವು. ಹೊರಗಿನಿಂದ ಸರಕು ಬರುತ್ತಿತ್ತು ನಿಜ, ಬೇಕಾದದ್ದರಲ್ಲಿ ಹೆಚ್ಚಿನದನ್ನು ದ್ವೀಪವೇ ಕೊಡುತ್ತಿತ್ತು ಎಂದು ಪ್ಲೇಟೋ ಒತ್ತಿ ಹೇಳುತ್ತಾನೆ. ಇತಿಹಾಸದ ಯಾವ ನೌಕಾಪಡೆಯನ್ನು ಕಟಕಟೆಗೆ ತಂದರೂ ಅದು ಹಸಿವನ್ನೋ ಹಗೆಯನ್ನೋ ಬಡವರ ಹಕ್ಕನ್ನೋ ಮುಂದಿಟ್ಟು ಪಾರಾಗುತ್ತದೆ. ಈ ಸಬೂಬುಗಳನ್ನೆಲ್ಲ ಒಂದೊಂದಾಗಿ ಕಳಚಿದ ಮೇಲೆ ಏನು ಉಳಿಯುತ್ತದೆ ಎಂದು ನೋಡಲು ಕಲ್ಪಿತ ಸಾಮ್ರಾಜ್ಯವೇ ಬೇಕು.

ಉಳಿಯುವುದೇನೆಂದು ಆ ನಗರ ಕಟ್ಟಿದ ಬಗೆಯೇ ತೋರಿಸುತ್ತದೆ. ಪೊಸೈಡನ್ ತಾನು ಒಲಿದ ಕ್ಲೀಟೋ ಇದ್ದ ಗುಡ್ಡವನ್ನು ಸುತ್ತ ಕಡಿದು, ಮೂರು ನೀರಿನ ಬಳೆ, ಎರಡು ನೆಲದ ಬಳೆಗಳನ್ನು ಒಂದರಾಚೆ ಒಂದರಂತೆ ಹಾಕಿದ. ಮನುಷ್ಯರು ಯಾರೂ ಅಲ್ಲಿಗೆ ಹೋಗಬಾರದು ಎಂಬುದೇ ಉದ್ದೇಶ. ಆಗಿನ್ನೂ ಲೋಕದಲ್ಲಿ ಹಡಗೇ ಇರಲಿಲ್ಲ. ಅವನ ಸಂತಾನದ ಅರಸರು ಮೊದಲು ಮಾಡಿದ್ದು ಆ ಬಳೆಗಳಿಗೆ ಸೇತುವೆ ಕಟ್ಟಿದ್ದು. ಆಮೇಲೆ ಕಡಲಿನಿಂದ ಹೊರಬಳೆಯ ತನಕ 50 ಸ್ಟೇಡಿಯಾ, ಎಂದರೆ ಸುಮಾರು 9 ಕಿಲೋಮೀಟರ್ ಉದ್ದ, 300 ಅಡಿ ಅಗಲ, 100 ಅಡಿ ಆಳದ ಕಾಲುವೆ ತೋಡಿದರು. ನೆಲದ ಬಳೆಗಳನ್ನು ಸೇತುವೆಗಳ ಬಳಿ ಸೀಳಿ, ಒಂದು ಟ್ರೈರೀಮ್ ಮಾತ್ರ ತೂರುವಷ್ಟು ಸಂದಿ ಮಾಡಿ, ಮೇಲೆ ಚಾವಣಿ ಹಾಕಿದರು. ಕೆಳಗೆ ಹಡಗು ಹೋಗುತ್ತದೆ, ಮೇಲೆ ಜನ ನಡೆಯುತ್ತಾರೆ. ಬಿಳಿ, ಕಪ್ಪು, ಕೆಂಪು ಕಲ್ಲು ಕಿತ್ತ ಜಾಗಗಳೇ ಬಂಡೆಯ ಮಾಡಿನ ಹಡಗುಕೊಟ್ಟಿಗೆಗಳಾದವು. ಹೊರಬಂದರಿನಲ್ಲಿ ಹಗಲೂ ರಾತ್ರಿ ವರ್ತಕರ ಕೂಗಾಟ. ದೇವರು ಎಲ್ಲೆಯೆಂದು ಕೊಟ್ಟದ್ದನ್ನು ಮನುಷ್ಯರು ದಾರಿ ಮಾಡಿಕೊಂಡರು. ಕೋಟೆ ಒಡೆದದ್ದು ಶತ್ರುವಲ್ಲ, ಒಳಗಿನವರು. ಇನ್ನೂ ಮುಖ್ಯವಾದ ಮಾತು, ಅವರು ಇದನ್ನೆಲ್ಲ ಮಾಡಿದ್ದು ಕೆಟ್ಟ ಮೇಲೆ ಅಲ್ಲ. ಹಲವು ತಲೆಮಾರು ಅವರು ಚಿನ್ನವನ್ನು ಹೊರೆಯೆಂದೇ ಎಣಿಸಿದವರು, ಸದ್ಗುಣಿಗಳು. ಆ ಕಾಲದಲ್ಲೇ ಪ್ರತಿಯೊಬ್ಬ ಅರಸನೂ ಹಿಂದಿನವನನ್ನು ಮೀರಿಸುವಂತೆ ಅರಮನೆಗೆ ಮೆರುಗು ಸೇರಿಸುತ್ತ ಹೋದ. ನೌಕಾಪಡೆ ದುರಾಸೆಯ ಕೂಸಲ್ಲ. ದುರಾಸೆ ಬರುವ ಹೊತ್ತಿಗೆ ಅದರ ಕೈಗೆ ಸಿದ್ಧವಾಗಿ ಸಿಕ್ಕ ಹತ್ಯಾರು. ಒಳ್ಳೆಯವರು ಕಟ್ಟಿದ್ದು ಒಳ್ಳೆಯವರ ಕೈಯಲ್ಲೇ ಉಳಿಯುತ್ತದೆಂಬ ಭರವಸೆಯಲ್ಲಿ ಎಲ್ಲೆ ದಾಟಿದ್ದೇ ತಪ್ಪು ಎಂದು ನಾನು ಈ ಕಥೆಯನ್ನು ಓದುತ್ತೇನೆ.

ಪ್ಲೇಟೋನ ಶಿಷ್ಯ ಅರಿಸ್ಟಾಟಲನೇ ಇದಕ್ಕೆ ಎದುರುತ್ತರ ಕೊಟ್ಟಂತಿದೆ. ‘ಪಾಲಿಟಿಕ್ಸ್’ನ ಏಳನೆಯ ಭಾಗದಲ್ಲಿ ಅವನು ವ್ಯವಹಾರಸ್ಥನಂತೆ ಮಾತಾಡುತ್ತಾನೆ. ಬಂದರು ಊರಿಗೆ ಹತ್ತಿರವಿದ್ದರೂ ಊರಿನ ಹೊರಗಿರಲಿ, ಯಾರು ಯಾರೊಡನೆ ಬೆರೆಯಬಹುದೆಂದು ಕಾನೂನು ಹೇಳಲಿ, ಊರಿನ ಬಾಳ್ವೆಗೆ ತಕ್ಕಷ್ಟು ನೌಕಾಬಲ ಇರಲಿ. ದೇವರ ಎಲ್ಲೆ ಯಾಕೆ, ಮನುಷ್ಯರ ಶಾಸನ ಸಾಲದೆ? ನಿಜವಾದ ಊರನ್ನು ಆಳುವವನಿಗೆ ಈ ಸಲಹೆಯೇ ಸರಿ. ಪ್ಲೇಟೋ ಕೂಡ ‘ಲಾಸ್’ನಲ್ಲಿ ಹೊಸ ಊರೊಂದನ್ನು ಬಂದರಿನಿಂದ 80 ಸ್ಟೇಡಿಯಾ ದೂರದಲ್ಲಿಟ್ಟು, ಇನ್ನೂ ದೂರವಿದ್ದರೆ ಚೆನ್ನಿತ್ತು ಎಂದು ಗೊಣಗಿ ಸುಮ್ಮನಾಗುತ್ತಾನೆ. ಆದರೆ ‘ತಕ್ಕಷ್ಟು’ ಎಂಬುದನ್ನು ಅಳೆಯುವವರು ಯಾರು? ಅಟ್ಲಾಂಟಿಸಿಗೆ ಎದುರಾಗಿ ಅವನು ಚಿತ್ರಿಸಿದ ಪುರಾತನ ಅಥೆನ್ಸಿನಲ್ಲಿ ಯೋಧರು ಎಂದಿಗೂ ಸುಮಾರು 20,000. ಸಂಖ್ಯೆ ಏರದಂತೆ, ಇಳಿಯದಂತೆ ಅವರೇ ನೋಡಿಕೊಳ್ಳುತ್ತಾರೆ. ತಂದೆಯನ್ನು ಮೀರಿಸುವುದೇ ಹೆಮ್ಮೆಯೆಂದುಕೊಂಡ ಅರಸರ ಸಾಲಿನಲ್ಲಿ ಯಾವ ತಲೆಮಾರಿಗೂ ಇಷ್ಟು ಸಾಕು ಅನ್ನಿಸುವುದಿಲ್ಲ. ಶಾಸನ ಬರೆಯುವವರೂ ಆ ಸಾಲಿನವರೇ.

ಕೊನೆಯ ಆಕ್ಷೇಪ ಕಥೆಯ ಮೇಲೆಯೇ. ಕಥೆ ಕಟ್ಟಿದವನೇ ಊರನ್ನು ಮುಳುಗಿಸಿದ, ಇದರಲ್ಲಿ ಸಾಬೀತಾದದ್ದೇನು ಎಂಬ ಕುಹಕ ಹಳೆಯದು. ಭೂಗೋಳಕಾರ ಸ್ಟ್ರಾಬೋ ಅದನ್ನು ದಾಖಲಿಸಿದ್ದಾನೆ. ಅಟ್ಲಾಂಟಿಸ್ ಮುಳುಗಿದ್ದೇ ಅದರ ಪಾಪಕ್ಕೆ ಪುರಾವೆ ಎಂದು ಪ್ಲೇಟೋ ವಾದಿಸಿದ್ದರೆ ಈ ಮಾತು ತಾಗುತ್ತಿತ್ತು. ಅವನು ಹಾಗೆ ವಾದಿಸಲಿಲ್ಲ. ದ್ವಾರಕೆ ಮುಳುಗಿದ ಕಥೆ ಬಲ್ಲ ನಾವು ಇದನ್ನೂ ಹಾಗೇ ಓದಿಬಿಡುತ್ತೇವೆ. ಆದರೆ ಮೌಸಲಪರ್ವದಲ್ಲಿ ಯಾದವರು ತಾವೇ ಬಡಿದಾಡಿ ಸತ್ತು, ಉಳಿದವರನ್ನು ಅರ್ಜುನ ಹೊರಗೆ ಕರೆತಂದ ಮೇಲೆ ಸಮುದ್ರ ಊರನ್ನು ನುಂಗುತ್ತದೆ. ಈ ಕಥೆ ಬರುವ ಪ್ಲೇಟೋನ ಇನ್ನೊಂದು ಸಂವಾದ ‘ಟಿಮೇಯಸ್’ನಲ್ಲಿ ಅಟ್ಲಾಂಟಿಸ್ ಮೊದಲು ಆ ಪುರಾತನ ಅಥೆನ್ಸಿನೆದುರು ಯುದ್ಧದಲ್ಲಿ ಸೋಲುತ್ತದೆ. ಭೂಕಂಪ, ಪ್ರವಾಹಗಳು ಬರುವುದು ಆಮೇಲೆ, ಮತ್ತು ಅದೇ ಭೀಕರ ಹಗಲು ರಾತ್ರಿಯಲ್ಲಿ ಗೆದ್ದ ಅಥೆನ್ಸಿನ ಯೋಧರನ್ನೂ ನೆಲ ನುಂಗುತ್ತದೆ. ಇತ್ತ ‘ಕ್ರಿಟಿಯಾಸ್’ನಲ್ಲಿ ದೇವರಾಜ ಸ್ಯೂಸ್ ಅಟ್ಲಾಂಟಿಸಿನವರನ್ನು ದಂಡಿಸಲು ನಿಶ್ಚಯಿಸುವುದು ಅಳಿಸಿಹಾಕಲಿಕ್ಕಲ್ಲ, ತಿದ್ದಿ ಹದಕ್ಕೆ ತರಲಿಕ್ಕೆ. ಸತ್ತವರನ್ನು ತಿದ್ದಲಾಗದು. ಹಾಗಾದರೆ ಅವರಿಗೆ ಸಿಕ್ಕ ಶಿಕ್ಷೆ ಸೋಲೇ ಹೊರತು ಪ್ರವಾಹವಲ್ಲ: 1,200 ಹಡಗುಗಳಿದ್ದೂ, ಮಿತಿಯೊಳಗೆ ನಿಂತ ಒಂದು ಊರಿನೆದುರು ಸೋಲುವುದು. ಸ್ಯೂಸ್ ದೇವತೆಗಳನ್ನು ಸೇರಿಸಿ ಮಾತಾಡಲು ತೊಡಗುವಲ್ಲೇ ಗ್ರಂಥ ವಾಕ್ಯದ ನಡುವೆ ನಿಂತುಹೋಗಿದೆ. ಹೀಗಾಗಿ ಆ ಸೋಲಿನಿಂದ ಅಟ್ಲಾಂಟಿಸ್ ಏನಾದರೂ ಕಲಿಯಿತೇ ಎಂಬುದು ಪ್ಲೇಟೋನ ಯಾವ ಪುಟದಲ್ಲೂ ಇಲ್ಲ. 413ರಲ್ಲಿ ಎಲ್ಲವನ್ನೂ ಕಳೆದುಕೊಂಡ ಅಥೆನ್ಸ್ ಮಾತ್ರ ಕೂಡಲೇ ಮತ್ತೆ ಹಡಗು ಕಟ್ಟಲು ಮರ ಹೊಂದಿಸತೊಡಗಿತ್ತು.