ತಳಕ್ಕೆ ತಾಗಿದ ಬೋಲ್ಟು

ಅರಿಯದೆ ಕೆಡಿಸಿದವನು ದೋಷಿಯೋ? ಇದನ್ನು ಟ್ರ್ಯಾಕ್ಟರಿನ ಎಂಜಿನಿನಿಂದಲೇ ವಿಚಾರಿಸೋಣ.

ರಿಪೇರಿಗೆಂದು ಎಂಜಿನಿನ ಹೆಡ್ಡನ್ನು ಬಿಚ್ಚಿದಾಗ ಬೋಲ್ಟುಗಳು ಕಲೆತುಹೋಗುವದುಂಟು. ಎಷ್ಟೋ ಎಂಜಿನುಗಳಲ್ಲಿ ಅವು ಒಂದೇ ಉದ್ದದವುಗಳಲ್ಲ. ಉದ್ದದ್ದರ ಸ್ಥಳದಲ್ಲಿ ಗಿಡ್ಡದ್ದನ್ನು ಹಾಕಿದರೆ ಕೆಲವೇ ಥ್ರೆಡ್ಡುಗಳು ಹಿಡಿಯುವವು; ಬಿಗಿಯುವಾಗಲೇ ಕಿತ್ತುಬಂದು ತಪ್ಪು ಬೈಲಿಗೆ ಬರಬಹುದು. ಗಿಡ್ಡದ್ದರ ಸ್ಥಳದಲ್ಲಿ ಹಾಕಿದ ಉದ್ದ ಬೋಲ್ಟಾದರೋ ಕಪಟವುಳ್ಳದ್ದು. ಅದರ ತುದಿಯು ತೂತಿನ ತಳಕ್ಕೆ ತಾಗಿ ನಿಲ್ಲುವದು. ಕೈಗೂ ಟಾರ್ಕ್ ರೆಂಚಿಗೂ ಪೂರ್ಣ ಬಿಗಿಯೆಂದು ತೋರುವದು. ಹೆಡ್ಡಿನ ಮೇಲಾದರೋ ತಕ್ಕ ಒತ್ತಡವಿಲ್ಲ. ಕೆಲವರು ಸಿಕ್ಕಿದ ವಾಷರುಗಳನ್ನು ಪೇರಿಸಿ ಸರಿಮಾಡುತ್ತಾರೆ. ಮೆದುವಾದ ವಾಷರು ಕ್ರಮೇಣ ತಗ್ಗಿ ಬಿಗಿಯು ಸಡಿಲುವದು. ಎಂಜಿನು ಅಂದು ಓಡುತ್ತದೆ, ಕೂಲಿಯೂ ದೊರೆಯುತ್ತದೆ. ಬಳಿಕ ಉಳುವ ಕಾಲದಲ್ಲಿ ಗ್ಯಾಸ್ಕೆಟ್ ಕೆಟ್ಟು, ನೀರು ಎಣ್ಣೆಗೆ ಸೇರಿ, ಎಣ್ಣೆಯು ಹಾಲಿನಂತಾಗುವದು. ಹದ ತಪ್ಪಿದ ಹೊಲವು ಬೇರೊಬ್ಬನದು.

"ಕೈಗೆ ಬಿಗಿಯೆಂದೇ ತೋರಿತಲ್ಲಾ" ಎಂದು ಕೆಲಸದವನು ಅನ್ನಬಹುದು. ಅದು ಸುಳ್ಳಲ್ಲ. ಆದರೆ ಬಿಚ್ಚುವಾಗಲೇ ರಟ್ಟಿನಲ್ಲಿ ತೂತುಮಾಡಿ ಬೋಲ್ಟುಗಳನ್ನೂ ವಾಷರುಗಳನ್ನೂ ಅವುಗಳ ಸ್ಥಾನದ ಕ್ರಮದಲ್ಲೇ ಚುಚ್ಚಿಡುವದು, ತೂತಿನ ಆಳವನ್ನು ಕಡ್ಡಿಯಿಂದ ಅಳೆಯುವದು, ಇವು ಅವನಿಂದ ಆಗದ ಕಾರ್ಯಗಳೇ? ಅರಿಯುವ ದಾರಿಯನ್ನು ತಾನೇ ಬಿಟ್ಟವನು "ನಾನರಿಯೆ" ಎಂದು ತಪ್ಪಿಸಿಕೊಳ್ಳಲಾರನು. ತಕ್ಕ ಬೋಲ್ಟು ಇಲ್ಲದಾಗ "ನಾಳೆ ಬನ್ನಿರಿ" ಎಂದರೆ ಒಂದು ದಿನದ ಕೂಲಿ ಹೋಗುವದು ನಿಜ. ಆ ನಷ್ಟವು ಹೇಳಿದವನದು. ಅಡಗಿಸಿದರೆ ಅದಕ್ಕಿಂತ ದೊಡ್ಡದು ನೆರೆಯವನ ಪಾಲಿಗೆ ಬೀಳುವದು.

ಆದಕಾರಣ ನಾವು ಮುಗಿಯಿತೆಂದು ಬಿಟ್ಟ ಕೆಲಸಗಳಲ್ಲಿ ಬರೀ ತಳಕ್ಕೆ ತಾಗಿ ನಿಂತದ್ದು ಯಾವದೆಂದು ಪರೀಕ್ಷಿಸಿಕೊಳ್ಳೋಣ.