ಅವರು ನಮ್ಮವರೇ ಅಲ್ಲವೇ

ತಿಂಗಳ 20ನೇ ತಾರೀಖು ಹತ್ತಿರವಾದರೆ ಆಡಿಟರ್ ಆಫೀಸಿನಲ್ಲಿ ಯಾರ ಮುಖದಲ್ಲೂ ನಗು ಇರುವುದಿಲ್ಲ. ಜಿಎಸ್‌ಟಿ ರಿಟರ್ನಿನ ಹೊತ್ತು. ಅಂಥ ಹೊತ್ತಿನಲ್ಲೇ ಮಹಡಿಯ ಮೇಲಿನ ಅಕೌಂಟೆಂಟ್ ಮೂರು ದಿನ ಬಿಡದೆ ಫೋನ್ ಮಾಡಿದರು. "ಸಾರ್, ಸರ್ವರ್ ಸಿಗ್ತಿಲ್ಲ, ಟ್ಯಾಲಿ ಡೇಟಾ ಓಪನ್ ಆಗ್ತಿಲ್ಲ." ಮೂರು ದಿನವೂ ನನ್ನದು ಒಂದೇ ಉತ್ತರ: ಕೆಳಗಿನವರಿಗೆ ಬರ್ತಿದೆಯಲ್ಲ, ಸರ್ವರಿನಲ್ಲಿ ನೆಟ್ಟೂ ಇದೆ, ನಿಮ್ಮ ಕಡೆಯೇ ಏನೋ ಇರಬೇಕು, ಕೇಬಲ್ ಬಿಚ್ಚಿ ಹಾಕಿ ನೋಡಿ.

ನಾಲ್ಕನೆಯ ದಿನ ಬೈಕ್ ಹತ್ತಿ ಹೋಗಲೇಬೇಕಾಯಿತು.

ಆ ಆಫೀಸು ಮೊದಲು ನೆಲಮಹಡಿಯಲ್ಲಷ್ಟೇ ಇತ್ತು. ಅಲ್ಲಿನ ಕಂಪ್ಯೂಟರುಗಳ ವಿಳಾಸವೆಲ್ಲ 192.168.1 ಎಂದು ಶುರು. ಕೆಲಸ ಹೆಚ್ಚಿ ಮೇಲಿನ ಮಹಡಿಯನ್ನೂ ಬಾಡಿಗೆಗೆ ಹಿಡಿದಾಗ ಅಲ್ಲಿಗೆ 192.168.2ರ ಸಾಲು ಕೊಟ್ಟು, ನಡುವೆ ರೌಟರ್ ಇಟ್ಟರು. ಈ 192.168 ಎನ್ನುವುದು ಊರೂರಿಗೂ ಇರುವ ಎಂ.ಜಿ. ರಸ್ತೆಯಂತೆ. 1996ರ ಆರ್‌ಎಫ್‌ಸಿ 1918 ಇದನ್ನು ಖಾಸಗಿ ಬಳಕೆಗೆ ಬಿಟ್ಟಿದೆ. ಯಾವ ಆಫೀಸಿಗೆ ಹೋದರೂ ಇದೇ ಕಾಣುತ್ತದೆ, ಊರು ದಾಟಿದರೆ ಅದಕ್ಕೆ ಬೆಲೆಯಿಲ್ಲ.

ಸರ್ವರ್ ಇದ್ದದ್ದು ಹಳೇ ಫೈಲುಗಳ ಕೋಣೆಯಲ್ಲಿ, ಯುಪಿಎಸ್ ಪಕ್ಕ. ಅದರ ಮುಂದೆ ಕೂತು ಮಹಡಿಯ ಕಂಪ್ಯೂಟರಿಗೆ, ಅಂದರೆ 192.168.2.25ಕ್ಕೆ, ಪಿಂಗ್ ಮಾಡಿದೆ. ಆ ಯಂತ್ರ ಸಿಗುತ್ತಿಲ್ಲ ಎಂಬ ಉತ್ತರ ಬಂತು. ಉತ್ತರ ಕೊಟ್ಟದ್ದು ಯಾರೆಂದು ನೋಡಿದರೆ 192.168.1.10. ಅದು ಸರ್ವರಿನದೇ ವಿಳಾಸ! ಕೂಗಿದವನೇ "ಯಾರೂ ಇಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ತಂತಿಯಲ್ಲಿ ಓಡುವ ಮಾತುಕತೆಯನ್ನೆಲ್ಲ ತೋರಿಸುವ ವೈರ್‌ಶಾರ್ಕ್ ಹಾಕಿ ನೋಡಿದೆ. ಪರದೆಯ ಮೇಲೆ ಸಾಲುಸಾಲಾಗಿ ಒಂದೇ ಪ್ರಶ್ನೆ: 192.168.2.25 ಯಾರ ಬಳಿ ಇದೆ, 192.168.1.10ಕ್ಕೆ ತಿಳಿಸಿ. ಇದು ಎಆರ್‌ಪಿ, ಒಂದೇ ಬೀದಿಯವರನ್ನು ಕೂಗಿ ಕರೆಯಲು 1982ರಲ್ಲಿ ಮಾಡಿದ ಏರ್ಪಾಡು. ತನ್ನ ಬೀದಿಯಲ್ಲಿ ನಿಂತು ಆಚೆ ಬೀದಿಯವನನ್ನು ಕೂಗಿದರೆ ಓಗೊಡುವವರು ಯಾರು? ಮಹಡಿಯಿಂದ ಬಂದ ಕೋರಿಕೆಗಳು ರೌಟರ್ ಹಾದು ಸರ್ವರನ್ನು ಸರಿಯಾಗಿಯೇ ಮುಟ್ಟುತ್ತಿದ್ದವು. ಉತ್ತರ ಮಾತ್ರ ಬಾಗಿಲು ದಾಟುತ್ತಿರಲಿಲ್ಲ.

ಸೆಟ್ಟಿಂಗ್ ತೆರೆದೆ. ವಿಳಾಸ ಸರಿ. ಗೇಟ್‌ವೇ, ಅಂದರೆ ಬೀದಿ ದಾಟಲು ಹಿಡಿಯಬೇಕಾದ ರೌಟರಿನ ವಿಳಾಸ, ಅದೂ ಸರಿ. ಸಬ್‌ನೆಟ್ ಮಾಸ್ಕ್ 255.255.0.0.

ಮಾಸ್ಕ್ ನಾನು ಯಾರೆಂದು ಹೇಳುವುದಿಲ್ಲ. ನನ್ನ ನೆರೆಯವರು ಯಾರೆಂದು ಹೇಳುತ್ತದೆ. 255 ಇದ್ದ ಕಡೆ ಸಂಖ್ಯೆ ಹೊಂದಲೇಬೇಕು, ಸೊನ್ನೆ ಇದ್ದ ಕಡೆ ಏನಿದ್ದರೂ ನಡೆಯುತ್ತದೆ. ಹೀಗಾಗಿ 192.168ರಿಂದ ಶುರುವಾಗುವ 65,536 ವಿಳಾಸಗಳೂ ಆ ಸರ್ವರಿನ ಪಾಲಿಗೆ ಪಕ್ಕದ ಮನೆಯವೇ. ಪಕ್ಕದ ಮನೆಗೆ ಗೇಟ್‌ವೇ ಹಿಡಿದು ಯಾರು ಹೋಗುತ್ತಾರೆ? ಇಂಟರ್‌ನೆಟ್ಟಿನ ವಿಳಾಸಗಳು ಪರವೂರಿನವು, ಅಲ್ಲಿಗೆ ಗೇಟ್‌ವೇ ಮೂಲಕವೇ ಹೋಗುತ್ತಿತ್ತು, ಸಲೀಸಾಗಿ. ಪರವೂರಿಗೆ ತಪ್ಪದೆ ಹೋದ ಉತ್ತರ ಮಹಡಿ ಮೆಟ್ಟಿಲು ಹತ್ತಲಿಲ್ಲ.

ಆ ಸಂಖ್ಯೆ ತುಂಬಿದವನು ನಾನೇ. ಎರಡು ವರ್ಷದ ಹಿಂದೆ, ದೊಡ್ಡದಾಗಿಯೇ ಇರಲಿ ಎಂದು. ಇದ್ದದ್ದೊಂದೇ ಮಹಡಿ; ಎರಡು ವರ್ಷವೂ ಯಾರಿಗೂ ಏನೂ ಆಗಲಿಲ್ಲ.

ಪರದೆ ನೋಡುತ್ತಾ ನೆನಪಾದದ್ದು ನನ್ನ ಸೋದರತ್ತೆ. ತಂಗಿಯ ಮದುವೆಗೆ ಅಪ್ಪ, ನಾನು ಅಕ್ಷತೆ ಹಿಡಿದು ಮನೆಮನೆ ತಿರುಗಿದ್ದೆವು. ಅಪ್ಪನ ಹಳೇ ಮೇಲಧಿಕಾರಿಯ ಮನೆಗೆ ಎರಡು ಸಲ ಹೋದೆವು, ಮೊದಲ ಸಲ ಬೀಗ ಹಾಕಿತ್ತು. ಅತ್ತೆ ಎರಡು ಸಲ ಫೋನ್ ಮಾಡಿ, "ಈ ಕಡೆ ಯಾವಾಗ ಬರ್ತೀರೋ?" ಎಂದು ಕೇಳಿದ್ದರು. "ಅವಳು ನಮ್ಮವಳೇ ಅಲ್ವೇನೋ, ಕರೆಯೋದೇನು" ಎಂದರು ಅಪ್ಪ. ಲಗ್ನಪತ್ರಿಕೆಯ ಫೋಟೋ ವಾಟ್ಸಾಪಿನಲ್ಲಿ ಹೋಯಿತು. ಕಳಿಸಿದವನು ನಾನು. ಅತ್ತೆ ಮುಹೂರ್ತದ ಹೊತ್ತಿಗೆ ಬಂದು, ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಹೊರಟರು. ಹೊರಡುವಾಗ ಅಮ್ಮನ ಹತ್ತಿರ ಅಂದದ್ದಿಷ್ಟು: "ಬೇರೆಯವರಾಗಿದ್ದಿದ್ರೆ ಮನೆಗೆ ಬಂದು ಕರೀತಿದ್ರಿ."

ಅಪ್ಪನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಅದು ನನಗೆ ಗೊತ್ತು. ಆದರೆ ಅತ್ತೆಗೀಗ ಬೇರೆ ಮನೆ, ಬೇರೆ ಬಾಗಿಲು. ಆ ಬಾಗಿಲಿಗೆ ಹೋಗಿ ನಿಲ್ಲುವುದಕ್ಕೆ ನಮ್ಮವರು ಎನ್ನುವ ಮಾತೇ ಅಡ್ಡ ಬಂತು. ನಮ್ಮವರೆಂದ ಮೇಲೆ ನಡೆಯುವ ಕಷ್ಟ ಇಲ್ಲವಲ್ಲ! ಮಹಡಿಯ ಅಕೌಂಟೆಂಟಿಗೆ ನಾನು ಮೂರು ದಿನ ಮಾಡಿದ್ದೂ ಅದನ್ನೇ. ಹಳೇ ಗಿರಾಕಿ, ಏನೂ ತಿಳಿದುಕೊಳ್ಳುವುದಿಲ್ಲ. ಹೊಸಬರಾಗಿದ್ದರೆ ಮೊದಲ ದಿನವೇ ಓಡುತ್ತಿದ್ದೆ.

ಮೂರನೆಯ ಸಂಖ್ಯೆಯ ಜಾಗಕ್ಕೆ 255 ಒತ್ತಿ ಓಕೆ ಕೊಟ್ಟೆ. ಇಂಥದ್ದನ್ನು ಎದುರಿಗೆ ಕೂತೇ ಮಾಡಬೇಕು. ಒಮ್ಮೆ ಮನೆಯಿಂದ ಮಾಡಹೋಗಿ ನಾನು ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದೆ. ನಿಮಿಷದೊಳಗೆ ಮೇಲಿನಿಂದ "ಬಂತು ಸಾರ್!" ಎಂಬ ಕೂಗು ಕೇಳಿತು.

ಸರ್ವರಿನ ಮೈಮೇಲೆ ನನ್ನದೇ ಅಕ್ಷರದ ಹಳೇ ಚೀಟಿ ಇತ್ತು, ಬರೀ ವಿಳಾಸದ್ದು. ಕಿತ್ತು, ಮಾಸ್ಕ್, ಗೇಟ್‌ವೇ, ತಾರೀಖು ಎಲ್ಲ ಬರೆದು ಹೊಸದು ಅಂಟಿಸಿದೆ. ಅಕೌಂಟೆಂಟ್ ಇಳಿದು ಬಂದು ಬಗ್ಗಿ ಓದಿದರು.

"ಇದರಲ್ಲಿ ನಮ್ಮ ಮಹಡಿ ಎಲ್ಲಿದೆ ಸಾರ್?"

"ಇಲ್ಲ. ತೆಗೆದೆ."

ಅವರು ನಕ್ಕು, ಕಾಫಿ ತರಿಸಲೇ ಎಂದು ಕೇಳಿದರು.